‘ನಾನು’ ಎಂದು ಕಥೆ ಹೇಳುವವರನ್ನು ಎಷ್ಟು ನಂಬಬಹುದು: ಆರು ಕಾದಂಬರಿಗಳ ಹೋಲಿಕೆ

ಈಚೆಗೆ ಒಂದರ ಬೆನ್ನಿಗೊಂದು ಓದಿ ಮುಗಿಸಿದ ಆರು ಕಾದಂಬರಿಗಳಲ್ಲಿ ಒಂದು ಪತ್ತೇದಾರಿ, ಒಂದು ಕುಟುಂಬದ ಕಥೆ, ಒಂದು ದೊಡ್ಡ ಮನೆಯ ಸೇವಕನ ನೆನಪುಗಳ ಕಥನ, ಎರಡು ಭಯಾನಕ ಕಥೆಗಳು, ಕೊನೆಯದು ಕಾಡಿನೊಳಗಿನ ಹುಡುಕಾಟದ ಕಥೆ. ಕೆಲವನ್ನು ಮೊದಲ ಸಲ ಓದಿದೆ, ಕೆಲವು ಹಳೆಯ ಪರಿಚಯದವು. ಪ್ರಕಾರದ ದೃಷ್ಟಿಯಿಂದ ಒಂದಕ್ಕೊಂದು ಸಂಬಂಧವಿಲ್ಲದ ಈ ಪುಸ್ತಕಗಳೆಲ್ಲ ಉತ್ತಮ ಪುರುಷದಲ್ಲಿ, ಅಂದರೆ ‘ನಾನು’ ಎಂದು ಹೇಳುವವರ ಬಾಯಲ್ಲಿ ನಡೆಯುತ್ತವೆ ಎಂಬುದು ಮೂರನೆಯ ಪುಸ್ತಕಕ್ಕೆ ಬರುವವರೆಗೂ ನನ್ನ ಗಮನಕ್ಕೆ ಬಂದಿರಲಿಲ್ಲ. ಗಮನಕ್ಕೆ ಬಂದ ಮೇಲೆ ಓದುವ ರೀತಿಯೇ ಬದಲಾಯಿತು. ಕಥೆ ಹೇಳುವವನಿಗೆ ಏನು ಗೊತ್ತಿದೆ, ಗೊತ್ತಿರುವುದರಲ್ಲಿ ಎಷ್ಟನ್ನು ಬಚ್ಚಿಡುತ್ತಾನೆ, ಬಚ್ಚಿಡುವುದು ನಮ್ಮಿಂದಲೋ ತನ್ನಿಂದಲೋ ಎಂಬ ಪ್ರಶ್ನೆಗಳು ಈ ಪುಸ್ತಕಗಳನ್ನು ಪ್ರಕಾರದ ಹಣೆಪಟ್ಟಿಗಿಂತ ಚೆನ್ನಾಗಿ ಬೇರ್ಪಡಿಸುತ್ತವೆ. ಈ ಮಾತನ್ನು ವಿವರಿಸಬೇಕಾದರೆ ಅಗಾಥಾ ಕ್ರಿಸ್ಟಿಯ ಒಂದು ಪ್ರಸಿದ್ಧ ಗುಟ್ಟನ್ನು ಬಿಟ್ಟುಕೊಡಬೇಕಾಗುತ್ತದೆ. ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಓದದವರು ಮುಂದಿನ ಎರಡು ಪ್ಯಾರಾಗಳನ್ನು ದಾಟಿಕೊಂಡು ಹೋಗುವುದು ಒಳ್ಳೆಯದು.

1926ರಲ್ಲಿ ಬಂದ ಆ ಪತ್ತೇದಾರಿ ಕಾದಂಬರಿಯನ್ನು ಹೇಳುವವನು ಹಳ್ಳಿಯ ವೈದ್ಯ ಶೆಪರ್ಡ್. ಮಿತಭಾಷಿ, ತಕ್ಕಮಟ್ಟಿನ ಹಾಸ್ಯಪ್ರಜ್ಞೆಯುಳ್ಳವನು, ಊರಿನ ಸುದ್ದಿಯನ್ನೆಲ್ಲ ಮನೆಯಲ್ಲಿ ಕುಳಿತೇ ಸಂಗ್ರಹಿಸುವ ಅಕ್ಕ ಕ್ಯಾರೊಲಿನ್‌ಳ ಕಾಟವನ್ನು ಸಹಿಸಿಕೊಂಡಿರುವವನು. ಇಂಥವನನ್ನು ನಂಬದಿರಲು ಕಾರಣವೇ ಇರುವುದಿಲ್ಲ. ಕೊಲೆಯಾದ ಸಂಜೆ ಒಂಬತ್ತು ಗಂಟೆಗೆ ಇಪ್ಪತ್ತು ನಿಮಿಷವಿದ್ದಾಗ ಆಕ್ರಾಯ್ಡ್‌ಗೆ ಒಂದು ಪತ್ರ ಬರುತ್ತದೆ. ಹತ್ತು ನಿಮಿಷವಿದ್ದಾಗ ವೈದ್ಯ ಅವನ ಕೋಣೆಯಿಂದ ಹೊರಡುತ್ತಾನೆ, ಆಗಲೂ ಪತ್ರವನ್ನು ಓದಿ ಮುಗಿಸಿರುವುದಿಲ್ಲ. ನಡುವಿನ ಹತ್ತು ನಿಮಿಷಗಳಲ್ಲಿ ಏನಾಯಿತು ಎಂಬುದನ್ನು ಅವನು ಬರೆಯುವುದಿಲ್ಲ, ಬರೆದಿಲ್ಲ ಎಂಬುದು ನಮಗೆ ಹೊಳೆಯುವುದೂ ಇಲ್ಲ. ಕೊಲೆಗಾರ ಅವನೇ ಎಂದು ತಿಳಿದ ಕೂಡಲೇ ನಾನು ಪುಟಗಳನ್ನು ಹಿಂದಕ್ಕೆ ತಿರುವಿ ಆ ಭಾಗವನ್ನು ಹುಡುಕಿ ಓದಿದೆ. ಅಲ್ಲಿ ಒಂದೇ ಒಂದು ಸುಳ್ಳಿಲ್ಲ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಮಾಡಬೇಕಾದದ್ದು ಏನಾದರೂ ಉಳಿದಿದೆಯೇ ಎಂದು ಹಿಂದಿರುಗಿ ನೋಡಿದ್ದನ್ನೂ ಅವನು ಬರೆದಿದ್ದಾನೆ. ಹಾವೂ ಸಾಯದಂತೆ, ಕೋಲೂ ಮುರಿಯದಂತೆ ಕೂಡಿಸಿದ ವಾಕ್ಯ ಅದು. ಕೊನೆಯ ಅಧ್ಯಾಯದಲ್ಲಿ ಆ ಜಾಣತನಕ್ಕಾಗಿ ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಾನೆ ಎಂಬುದು ಇನ್ನೂ ಸೊಗಸಾದ ಸಂಗತಿ.

ಆದರೂ ಈ ಕಾದಂಬರಿಯ ಸುಖ ಬಹುಮಟ್ಟಿಗೆ ಒಂದೇ ಸಲದ್ದು. ಎರಡನೆಯ ಓದಿನಲ್ಲಿ ಕೈಚಳಕ ಹೇಗೆ ನಡೆಯಿತೆಂಬುದು ಕಾಣುತ್ತದೆ, ಮೆಚ್ಚುಗೆಯಾಗುತ್ತದೆ. ಶೆಪರ್ಡ್ ಎಂಬ ಮನುಷ್ಯನ ಬಗ್ಗೆ ಮಾತ್ರ ಹೊಸದೇನೂ ತಿಳಿಯುವುದಿಲ್ಲ, ಏಕೆಂದರೆ ಅವನು ಬಚ್ಚಿಟ್ಟದ್ದು ಒಂದು ಮಾಹಿತಿಯನ್ನು, ಮತ್ತು ಆ ಮಾಹಿತಿ ಹೊರಬಿದ್ದ ಮೇಲೆ ಅವನ ಬಳಿ ಇನ್ನೇನೂ ಉಳಿದಿರುವುದಿಲ್ಲ. ಮರು ಓದಿಗೂ ಜೀವಂತವಾಗಿ ನಿಲ್ಲುವವಳು ಕ್ಯಾರೊಲಿನ್. ಮುಂದೆ ತಾನು ರೂಪಿಸಿದ ಮಿಸ್ ಮಾರ್ಪಲ್ ಪಾತ್ರದ ಹಿಂದೆ ಈಕೆಯ ನೆರಳಿರಬಹುದೆಂದು ಕ್ರಿಸ್ಟಿಯೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಪತ್ತೇದಾರಿಯಲ್ಲ. ಕೆಳಮಧ್ಯಮ ವರ್ಗದ ಮನೆಯೊಂದಕ್ಕೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರನೆ ಹಣ ಬಂದಾಗ ಆ ಮನೆಯ ಒಳಗಿನ ಕಟ್ಟುಪಾಡುಗಳು ಏನಾದವು ಎಂಬುದರ ಕಥೆ. ಆದರೆ ಕ್ರಿಸ್ಟಿಯ ಪುಸ್ತಕದ ಪಕ್ಕದಲ್ಲಿಟ್ಟು ಓದಿದಾಗ ಇದೂ ಒಂದು ಅಪರಾಧದ ಕಥೆಯೆಂದೇ ನನಗೆ ತೋರಿತು. ವ್ಯತ್ಯಾಸವಿಷ್ಟೇ: ಇಲ್ಲಿ ಹೆಣವಿಲ್ಲ, ಪತ್ತೇದಾರನಿಲ್ಲ, ಅಪರಾಧ ನಡೆದಿದೆಯೋ ಇಲ್ಲವೋ ಎಂಬುದೂ ತೀರ್ಮಾನವಾಗುವುದಿಲ್ಲ. ಹೆಸರಿಲ್ಲದ ನಿರೂಪಕ ಕಾಫಿ ಹೌಸಿನಲ್ಲಿ ಕುಳಿತು ನಿಧಾನವಾಗಿ, ಯಾವ ಆತಂಕವೂ ಇಲ್ಲದವನಂತೆ, ಮನೆಯವರ ಕಥೆ ಹೇಳುತ್ತಾನೆ. ಕಂಪನಿಯಲ್ಲಿ ಹೆಸರಿಗೊಂದು ಹುದ್ದೆ ಇದೆ, ಕೆಲಸವಿಲ್ಲ, ತಿಂಗಳ ಸಂಬಳ ಮಾತ್ರ ಬರುತ್ತದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸೊಬ್ಬಳನ್ನು ಮನೆಯ ಹೆಂಗಸರು ಬಾಗಿಲಲ್ಲೇ ಬೈದು ಅಟ್ಟಿದಾಗ ಅವನು ಅಲ್ಲಿಯೇ ಇದ್ದಾನೆ, ಏನೂ ಮಾಡುವುದಿಲ್ಲ. ಹಾಗೆ ನಡೆದುಕೊಳ್ಳುವುದು ಸರಿಯಲ್ಲವೆಂದು ಬಾಯಿಬಿಟ್ಟು ಹೇಳುವ ಹೆಂಡತಿ ಅನಿತಾ, ತವರಿನಿಂದ ಮರಳಬೇಕಾದವಳು, ಮರಳಿದ್ದಾಳೋ ಇಲ್ಲವೋ ಎಂಬುದನ್ನು ಮಾತ್ರ ಅವನು ಹೇಳದೆ ಕೂರುತ್ತಾನೆ.

ಶೆಪರ್ಡ್‌ನ ಮೌನಕ್ಕೆ ಲೆಕ್ಕಾಚಾರವಿದೆ, ಇವನ ಮೌನ ಅಭ್ಯಾಸದಿಂದ ಬಂದದ್ದು. ಬಾಡಿಗೆಯ ಹಳೆಯ ಮನೆಯಲ್ಲಿ ಇರುವೆಗಳ ಕಾಟಕ್ಕೆ ಬೇಸತ್ತ ಮನೆಮಂದಿ ಅವುಗಳನ್ನು ಕೊಲ್ಲುವ ಹೊಸ ಹೊಸ ಉಪಾಯಗಳನ್ನು ಕಂಡುಹಿಡಿಯುತ್ತ, ಕ್ರಮೇಣ ಅದರಲ್ಲೊಂದು ಬಗೆಯ ಖುಷಿಯನ್ನೂ ಪಡೆಯುವ ಭಾಗವಿದೆ. ಮೊದಲ ಓದಿನಲ್ಲಿ ಅದನ್ನು ನಾನು ಹಳೆಯ ಬಡತನದ ತಮಾಷೆಯ ನೆನಪೆಂದು ಓದಿದ್ದೆ. ಎರಡನೆಯ ಓದಿನಲ್ಲಿ ಆ ಪುಟಗಳು ತಮಾಷೆಯಾಗಿ ಉಳಿಯಲಿಲ್ಲ. ತಮಗೆ ಅಡ್ಡಬಂದದ್ದನ್ನು ಒಟ್ಟಾಗಿ ಹೊಸಕುವುದನ್ನು ಈ ಮನೆ ಎಲ್ಲಿ ಕಲಿತಿತು ಎಂಬುದಕ್ಕೆ ಅಲ್ಲಿಯೇ ಉತ್ತರವಿದೆ. ಪುಟಗಳ ಲೆಕ್ಕದಲ್ಲಿ ಇದು ಆರರಲ್ಲೇ ಅತಿ ಚಿಕ್ಕದು, ಒಂದೇ ಕೂರಿಕೆಯಲ್ಲಿ ಮುಗಿಯುವಂಥದ್ದು, ಆದರೆ ಮುಗಿದ ಮೇಲೆ ಹೆಚ್ಚು ಕಾಡುವುದೂ ಇದೇ. ಆಕ್ರಾಯ್ಡ್ ಪ್ರಕರಣದಲ್ಲಿ ಸತ್ಯ ತಿಳಿದು ಸಮಾಧಾನವಾಗುತ್ತದೆ. ಇಲ್ಲಿ ಓದುಗನೇ ಸತ್ಯವನ್ನು ಊಹಿಸಿ, ಊಹಿಸಿದ್ದಕ್ಕಾಗಿ ಕಸಿವಿಸಿಪಡಬೇಕಾಗುತ್ತದೆ. ಇವೆರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ಹಿಂದುಮುಂದು ನೋಡದೆ ಎರಡನೆಯದನ್ನು ಆರಿಸುತ್ತೇನೆ.

ಆದರೆ ಇದೇ ಬಗೆಯ ಮೌನವನ್ನು ಇನ್ನೂ ದೀರ್ಘವಾಗಿ, ಇನ್ನೂ ಸೂಕ್ಷ್ಮವಾಗಿ ದುಡಿಸಿಕೊಂಡ ಕಾದಂಬರಿಯೊಂದು ಇವುಗಳ ನಡುವೆಯೇ ಇತ್ತು. ಕಜುಒ ಇಶಿಗುರೊ ಅವರ ‘ದಿ ರಿಮೇನ್ಸ್ ಆಫ್ ದಿ ಡೇ’ 1989ರಲ್ಲಿ ಪ್ರಕಟವಾಗಿ ಅದೇ ವರ್ಷ ಬೂಕರ್ ಪ್ರಶಸ್ತಿ ಪಡೆಯಿತು. ಡಾರ್ಲಿಂಗ್‌ಟನ್ ಹಾಲ್ ಎಂಬ ಬಂಗಲೆಯ ಬಟ್ಲರ್ ಸ್ಟೀವನ್ಸ್, 1956ರಲ್ಲಿ ಹೊಸ ಯಜಮಾನನ ಕಾರಿನಲ್ಲಿ ಕೆಲವು ದಿನಗಳ ಪ್ರವಾಸ ಹೊರಟು, ದಾರಿಯುದ್ದಕ್ಕೂ ಹಳೆಯದನ್ನು ನೆನೆಯುತ್ತಾನೆ. ಅವನ ಭಾಷೆ ಇಸ್ತ್ರಿ ಮಾಡಿದ ಅಂಗಿಯಂತೆ ಒಂದೇ ಒಂದು ಸುಕ್ಕಿಲ್ಲದ್ದು. ಒಳ್ಳೆಯ ಬಟ್ಲರ್‌ನ ಘನತೆ ಯಾವುದರಲ್ಲಿದೆ ಎಂಬುದನ್ನು ಅವನು ಪುಟಗಟ್ಟಲೆ ಚರ್ಚಿಸುತ್ತಾನೆ. 1923ರಲ್ಲಿ ಆ ಬಂಗಲೆಯಲ್ಲಿ ದೊಡ್ಡ ರಾಜತಾಂತ್ರಿಕ ಸಭೆ ನಡೆಯುತ್ತಿರುವಾಗ, ಅಲ್ಲಿಯೇ ಕೆಲಸಕ್ಕಿದ್ದ ಅವನ ಅಪ್ಪ ಮಹಡಿಯ ಕೋಣೆಯಲ್ಲಿ ಸಾಯುತ್ತಿದ್ದಾನೆ. ಕೆಳಗೆ ಫ್ರೆಂಚ್ ಅತಿಥಿಯೊಬ್ಬನಿಗೆ ಕಾಲಿನ ನೋವು, ಅವನಿಗೆ ಉಪಚಾರ ಬೇಕು. ಸ್ಟೀವನ್ಸ್ ಪಾನೀಯ ಹಂಚುತ್ತ ಅತಿಥಿಗಳ ನಡುವೆ ಓಡಾಡುತ್ತಾನೆ. ತನಗೆ ಹೇಗೆನಿಸಿತೆಂದು ಅವನು ಒಂದು ಮಾತನ್ನೂ ಬರೆಯುವುದಿಲ್ಲ. ಆದರೆ ಯಜಮಾನ ಹತ್ತಿರ ಬಂದು, ನೀನು ಅಳುತ್ತಿರುವಂತೆ ಕಾಣುತ್ತದಲ್ಲ ಎನ್ನುತ್ತಾನೆ; ಸ್ಟೀವನ್ಸ್ ನಕ್ಕು, ಕರವಸ್ತ್ರದಿಂದ ಮುಖ ಒರೆಸಿಕೊಂಡು, ದಿನವಿಡೀ ದುಡಿದ ದಣಿವು ಎಂದುಬಿಡುತ್ತಾನೆ. ಕಥೆ ಹೇಳುವವನ ಕಣ್ಣಲ್ಲಿ ನೀರಿದೆ ಎಂಬುದು ನಮಗೆ ಇನ್ನೊಬ್ಬನ ಬಾಯಿಂದ ತಿಳಿಯುತ್ತದೆ. ಈ ಆರೂ ಪುಸ್ತಕಗಳಲ್ಲಿ ಬರವಣಿಗೆಯ ದೃಷ್ಟಿಯಿಂದ ಇದಕ್ಕಿಂತ ಎತ್ತರದ ಜಾಗ ನನಗೆ ಸಿಗಲಿಲ್ಲ.

ಶಾನಭಾಗರ ನಿರೂಪಕನಿಗೂ ಸ್ಟೀವನ್ಸ್‌ಗೂ ಹತ್ತಿರದ ನಂಟಿದೆ. ಇಬ್ಬರೂ ಇನ್ನೊಬ್ಬರ ಅನ್ನದ ಋಣದಲ್ಲಿದ್ದವರು, ಇಬ್ಬರ ಕಣ್ಣೆದುರೇ ಅನ್ಯಾಯ ನಡೆಯುತ್ತದೆ, ಇಬ್ಬರೂ ಅದಕ್ಕೆ ತಕ್ಕ ಸಮಜಾಯಿಷಿಯನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ. ಯಹೂದಿಗಳೆಂಬ ಒಂದೇ ಕಾರಣಕ್ಕೆ ಇಬ್ಬರು ಕೆಲಸದ ಹುಡುಗಿಯರನ್ನು ತೆಗೆದುಹಾಕಲು ಯಜಮಾನ ಹೇಳಿದಾಗ ಸ್ಟೀವನ್ಸ್ ಅದನ್ನೂ ಕರ್ತವ್ಯವೆಂದೇ ನೆರವೇರಿಸುತ್ತಾನೆ. ಆದರೆ ಸ್ಟೀವನ್ಸ್ ತಾನು ಕಳೆದುಕೊಂಡದ್ದನ್ನು ಕೊನೆಗಾದರೂ ಅರ್ಧಂಬರ್ಧ ಒಪ್ಪಿಕೊಳ್ಳುವುದರಿಂದ ಅವನ ಮೇಲೆ ಕನಿಕರ ಹುಟ್ಟುತ್ತದೆ. ಕಾಫಿ ಹೌಸಿನ ಆಸಾಮಿಯ ಮೇಲೆ ಅದು ಹುಟ್ಟಲು ಲೇಖಕರು ಆಸ್ಪದವನ್ನೇ ಕೊಡುವುದಿಲ್ಲ. ಇಶಿಗುರೊ ಅವರ ಕಾದಂಬರಿಗೆ ತಾಳ್ಮೆ ಬೇಕು ಎಂಬುದನ್ನೂ ಹೇಳಬೇಕು. ಮೊದಲ ಐವತ್ತು ಪುಟಗಳಲ್ಲಿ ಬೆಳ್ಳಿ ಪಾತ್ರೆಗಳ ಹೊಳಪಿನಂಥ ವಿಷಯಗಳಿಗೇ ಹೆಚ್ಚು ಜಾಗ ಸಿಗುತ್ತದೆಯೇನೋ ಎಂದು ಬೇಸರವಾದರೆ ಅದು ಓದುಗನ ತಪ್ಪಲ್ಲ.

ಭಯಾನಕ ಕಥೆಗಳಿಗೆ ಬಂದರೆ ಪ್ರಶ್ನೆ ಸ್ವಲ್ಪ ಬೇರೆಯಾಗುತ್ತದೆ: ರಾಕ್ಷಸನಿಗೆ ತನ್ನ ಕಥೆಯನ್ನು ತಾನೇ ಹೇಳುವ ಅವಕಾಶವಿದೆಯೇ? ಮೇರಿ ಶೆಲ್ಲಿ ತನ್ನ ಹದಿನೆಂಟನೆಯ ವಯಸ್ಸಿನಲ್ಲಿ ಬರೆಯಲಾರಂಭಿಸಿ, 1818ರಲ್ಲಿ ಹೆಸರಿಲ್ಲದೆ ಪ್ರಕಟಿಸಿದ ‘ಫ್ರಾಂಕೆನ್‌ಸ್ಟೈನ್’ನಲ್ಲಿ ಇದೆ. ಸಿನಿಮಾಗಳ ಮೂಲಕ ಈ ಕಥೆಯನ್ನು ಬಲ್ಲವರಿಗೆ ಪುಸ್ತಕದ ರಾಕ್ಷಸ ಅಪರಿಚಿತನಾಗಿಯೇ ಕಾಣುತ್ತಾನೆ. ಅವನು ಒಂದು ಬಡ ಕುಟುಂಬದ ಮನೆಗೆ ಅಂಟಿಕೊಂಡ ಕೊಟ್ಟಿಗೆಯಲ್ಲಿ ಅಡಗಿದ್ದು, ಗೋಡೆಯ ಬಿರುಕಿನಿಂದ ನೋಡುತ್ತ ಅವರ ಮಾತನ್ನು ಕಲಿಯುತ್ತಾನೆ, ಸಿಕ್ಕಿದ ಪುಸ್ತಕಗಳನ್ನು ಓದುತ್ತಾನೆ, ತನಗೆ ಜೀವ ಕೊಟ್ಟವನಿಗಿಂತ ಚೆನ್ನಾಗಿ ವಾದಿಸುತ್ತಾನೆ. ಅವನನ್ನು ಕಂಡು ಹೆದರದೆ ಮಾತನಾಡಿಸುವವನು ಆ ಮನೆಯ ಕುರುಡ ಮುದುಕನೊಬ್ಬನೇ. ವಿಜ್ಞಾನಿ ವಿಕ್ಟರ್‌ನ ಗೋಳಾಟದಿಂದ ರೇಗಿಹೋಗಿದ್ದ ನನಗೆ ನಡುವಿನ ಈ ಕೆಲವು ಅಧ್ಯಾಯಗಳೇ ಇಡೀ ಪುಸ್ತಕವನ್ನು ಎತ್ತಿ ನಿಲ್ಲಿಸಿದಂತೆ ಕಂಡವು. ಆದರೆ ರಾಕ್ಷಸನ ಮಾತು ನಮಗೆ ನೇರವಾಗಿ ಬರುವುದಿಲ್ಲ. ಅವನು ವಿಕ್ಟರ್‌ಗೆ ಹೇಳಿದ್ದನ್ನು ವಿಕ್ಟರ್ ಹಡಗಿನ ನಾಯಕ ವಾಲ್ಟನ್‌ಗೆ ಹೇಳುತ್ತಾನೆ, ವಾಲ್ಟನ್ ಅದನ್ನು ತನ್ನ ಅಕ್ಕನಿಗೆ ಬರೆಯುತ್ತಾನೆ. ಅಷ್ಟೇ ಅಲ್ಲ, ವಾಲ್ಟನ್ ಮಾಡಿಕೊಂಡ ಟಿಪ್ಪಣಿಗಳನ್ನು ವಿಕ್ಟರ್ ಕೇಳಿ ಪಡೆದು, ವಿಶೇಷವಾಗಿ ತನ್ನ ವೈರಿಯೊಡನೆ ನಡೆದ ಸಂಭಾಷಣೆಗಳನ್ನು ತಿದ್ದಿ ಬೆಳೆಸಿದನೆಂಬ ಮಾತು ಕೊನೆಯ ಭಾಗದಲ್ಲಿ ಬರುತ್ತದೆ. ಕಣ್ಣು ತಪ್ಪಿಹೋಗುವಷ್ಟು ಸಣ್ಣ ವಿವರ. ಅದನ್ನು ಓದಿದ ಮೇಲೆ, ಆ ವಾಗ್ಮಿತೆಯಲ್ಲಿ ರಾಕ್ಷಸನದ್ದೆಷ್ಟು, ಅವನನ್ನು ದ್ವೇಷಿಸಿದವನದ್ದೆಷ್ಟು ಎಂದು ಹೇಳುವುದು ಕಷ್ಟ.

ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (1897) ಇದಕ್ಕೆ ತದ್ವಿರುದ್ಧ. ದಿನಚರಿ, ಪತ್ರ, ತಂತಿ, ಫೋನೋಗ್ರಾಫ್ ಮುದ್ರಣ ಹೀಗೆ ಹತ್ತಾರು ದಾಖಲೆಗಳಲ್ಲಿ ಎಲ್ಲರೂ ಮಾತನಾಡುತ್ತಾರೆ, ಡ್ರಾಕುಲಾ ಒಬ್ಬನಿಗೆ ಮಾತ್ರ ಲೇಖನಿ ಸಿಗುವುದಿಲ್ಲ. ಇಂಗ್ಲೆಂಡಿನ ಯುವ ವಕೀಲ ಹಾರ್ಕರ್ ಡ್ರಾಕುಲಾನ ಕೋಟೆಯಲ್ಲಿ ಸಿಕ್ಕಿಬೀಳುವ ಮೊದಲ ಭಾಗ ಇಂದಿಗೂ ಮೈ ಜುಮ್ಮೆನಿಸುತ್ತದೆ. ಅನಂತರದ ಬೆನ್ನಟ್ಟುವಿಕೆ ಎಳೆದಾಡುತ್ತದೆ, ಬೆನ್ನಟ್ಟುವವರ ಮುಂದಾಳು ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್‌ನ ಉಪನ್ಯಾಸಗಳನ್ನು ನಾನು ಹಲವೆಡೆ ಹಾರಿಸಿಕೊಂಡೇ ಓದಿದೆ. ಎಲ್ಲ ದಾಖಲೆಗಳನ್ನೂ ಕೂಡಿಸಿ ಟೈಪ್ ಮಾಡುವ, ಹಾರ್ಕರ್‌ನ ಹೆಂಡತಿ ಮೀನಾಳೇ ಈ ಕಥೆಯ ನಿಜವಾದ ನಾಯಕಿ ಎಂಬುದು ನನ್ನ ಅಭಿಪ್ರಾಯ. ಭಯವಷ್ಟೇ ಬೇಕೆಂದರೆ ‘ಡ್ರಾಕುಲಾ’ದ ಮೊದಲ ನಾಲ್ಕು ಅಧ್ಯಾಯಗಳು ಸಾಕು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ಈ ಸಾಲಿನಲ್ಲಿ ಕೊನೆಗೆ ಓದಿದ್ದರಿಂದ ಅದರ ನಿರೂಪಕನ ಮೇಲೂ ಅನುಮಾನದಿಂದಲೇ ಕಣ್ಣಿಟ್ಟಿದ್ದೆ. ಅನುಮಾನಕ್ಕೆ ಏನೂ ಸಿಗಲಿಲ್ಲ. ಇಲ್ಲಿಯ ‘ನಾನು’ ಏನನ್ನೂ ಬಚ್ಚಿಡುವುದಿಲ್ಲ. ಅವನಿಗೆ ಗೊತ್ತಿರುವುದೇ ಕಡಿಮೆ. ಬೇಸಾಯದ ತಾಪತ್ರಯಗಳಲ್ಲಿ ಮುಳುಗಿದ ಈತನಿಗೆ, ಹೆಸರಾಂತ ವಿಜ್ಞಾನಿಯೊಬ್ಬರು ಮಂದಣ್ಣನಂಥ ಜೇನು ಹಿಡಿಯುವ ಹುಡುಗನನ್ನು ಏಕೆ ಅಷ್ಟೊಂದು ಹಚ್ಚಿಕೊಂಡಿದ್ದಾರೆ ಎಂಬುದೇ ಅರ್ಥವಾಗುವುದಿಲ್ಲ. ಊರಿನವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಕರ್ವಾಲೊ ಅವರ ಕಣ್ಣಿಗೆ ಹುಟ್ಟಾ ಜೀವಿವಿಜ್ಞಾನಿ. ನಿರೂಪಕ ಮೊದಲ ಗುಂಪಿನಿಂದ ಎರಡನೆಯ ಕಡೆಗೆ ನಿಧಾನವಾಗಿ ಸರಿಯುತ್ತಾನೆ, ಅವನ ಜೊತೆಗೆ ನಾವೂ ಸರಿಯುತ್ತೇವೆ. ಶೆಪರ್ಡ್ ನಮಗಿಂತ ಹೆಚ್ಚು ತಿಳಿದು ನಮ್ಮನ್ನು ಆಡಿಸುತ್ತಾನೆ, ಸ್ಟೀವನ್ಸ್‌ಗಿಂತ ಅವನ ಬಗ್ಗೆ ನಮಗೇ ಹೆಚ್ಚು ತಿಳಿದಿರುತ್ತದೆ, ಇಲ್ಲಿ ಮಾತ್ರ ಇಬ್ಬರೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತೇವೆ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುವ ತಂಡದಲ್ಲಿ ವಿಜ್ಞಾನಿಯಿಂದ ಹಿಡಿದು ಬಿರಿಯಾನಿ ಕರಿಯಪ್ಪನವರೆಗೆ, ಕಿವಿ ಎಂಬ ನಾಯಿಯವರೆಗೆ ಎಲ್ಲರಿಗೂ ಜಾಗವಿದೆ, ಮತ್ತು ಅವರ ಜಗಳ, ಗೇಲಿ, ಹೆದರಿಕೆಗಳ ನಡುವೆಯೇ ಜೀವವಿಕಾಸದಂಥ ವಿಚಾರ ಉಪದೇಶವಾಗದೆ ಬಂದುಹೋಗುತ್ತದೆ. ಓತಿ ಕೈಗೆ ಸಿಗದೆ ಕಣಿವೆಗೆ ಹಾರಿಹೋದರೂ ಓದುಗನಿಗೆ ಮೋಸವಾಯಿತು ಎನಿಸುವುದಿಲ್ಲ. ಉತ್ತರ ಕೊಡದೆ ಮುಗಿಯುವ ಎರಡು ಕನ್ನಡ ಪುಸ್ತಕಗಳು ಒಂದೇ ಸಾಲಿನಲ್ಲಿ ಬಂದು, ಒಂದು ಉಸಿರು ಬಿಗಿಹಿಡಿಸಿದರೆ ಇನ್ನೊಂದು ಮನಸ್ಸನ್ನು ಹಗುರ ಮಾಡಿದ್ದು ನನಗೆ ಈ ಓದಿನ ಅತ್ಯಂತ ಸ್ವಾರಸ್ಯದ ಅನುಭವ.

‘ಕರ್ವಾಲೊ’ದ ಮೇಲೆ ನನಗಿರುವ ತಕರಾರು ಒಂದೇ. ಮಂದಣ್ಣನ ಮದುವೆಯ ಪ್ರಕರಣಕ್ಕೆ ಅಷ್ಟೊಂದು ಪುಟಗಳು ಸಿಕ್ಕಿದರೂ, ಅವನ ಕೈಹಿಡಿದ ರಾಮಿಗೆ ತನ್ನದೆನ್ನಬಹುದಾದ ಮಾತು ಸಿಗುವುದು ಬಹಳ ಕಡಿಮೆ. ನಿರೂಪಕನ ಕಣ್ಣಿಗೆ ಬಿದ್ದದ್ದಷ್ಟೇ ಪುಸ್ತಕಕ್ಕೆ ಬರುತ್ತದೆ ಎಂಬ ನಿಯಮ ಕಾಡಿನಲ್ಲಿ ಲಾಭವಾಗಿ, ಮನೆಯೊಳಗೆ ನಷ್ಟವಾಗಿದೆ. ಅದೇ ನಿಯಮವನ್ನು ‘ಘಾಚರ್ ಘೋಚರ್’ ಆಯುಧದಂತೆ ಬಳಸುತ್ತದೆ. ಅನಿತಾಳ ಮಾತು ನಮಗೆ ಗಂಡನ ಮೂಲಕವೇ ಬರುತ್ತದಾದರೂ ಅವಳ ಸಿಟ್ಟು ಅವನನ್ನು ದಾಟಿಕೊಂಡು ನಮ್ಮನ್ನು ಮುಟ್ಟುತ್ತದೆ. ಈ ಒಂದು ವಿಷಯದಲ್ಲಿ ಚಿಕ್ಕ ಪುಸ್ತಕವೇ ಮೇಲು. ಆದರೂ ಆರರಲ್ಲಿ ಮೂರನೆಯ ಸಲ ಯಾವುದನ್ನು ಕೈಗೆತ್ತಿಕೊಳ್ಳುವೆ ಎಂದರೆ ಮೊದಲು ‘ಕರ್ವಾಲೊ’, ಅದಾದ ಮೇಲೆ ಬಿಡುವು ನೋಡಿಕೊಂಡು ಇಶಿಗುರೊ. ‘ಡ್ರಾಕುಲಾ’ವನ್ನಂತೂ ಕೇಳಿದವರಿಗೆ ಕೊಟ್ಟುಬಿಟ್ಟಿದ್ದೇನೆ.