ಭಾನುವಾರದ ತಡ ತಿಂಡಿಗೆ ಎಂಟಿಆರ್

ಭಾನುವಾರ ನಿಧಾನವಾಗಿ ಎದ್ದು, ತಿಂಡಿ ಊಟ ಎರಡನ್ನೂ ಒಂದೇ ಸಲ ಮುಗಿಸೋಣ ಅಂತ ಹತ್ತೂವರೆಗೆ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಹೋದೆವು. 1924ರಲ್ಲಿ ಶುರುವಾದ ಹೋಟೆಲು. ರಜಾ ದಿನ ಜನ ಜಾಸ್ತಿ, ಕಾಯಬೇಕು. ಮೊದಲು ಲಾಲ್‌ಬಾಗ್‌ನಲ್ಲಿ ಒಂದು ಸುತ್ತು ಹಾಕಿ ಬನ್ನಿ, ಹಸಿವೂ ಚೆನ್ನಾಗಿರುತ್ತೆ.

ರವೆ ಇಡ್ಲಿ ತಿನ್ನಲೇಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ, ರವೆಯಲ್ಲಿ ಮಾಡಿ ನೋಡಿದಾಗ ಇಲ್ಲೇ ಹುಟ್ಟಿದ್ದು ಅಂತಾರೆ. ಬಿಸಿ ಇರುವಾಗಲೇ ಮುರಿದು, ತುಪ್ಪ ಸುರಿದು, ಆಲೂಗಡ್ಡೆ ಸಾಗು ಹಚ್ಚಿಕೊಂಡು ತಿಂದರೆ ಸ್ವಲ್ಪ ಹೊತ್ತು ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತೆ. ಮಸಾಲೆ ದೋಸೆಯೂ ಚೆನ್ನಾಗಿದೆ, ಕಂದು ಬಣ್ಣ, ಗರಿಗರಿ. ಆದರೆ ನನ್ನ ಓಟು ಇಡ್ಲಿಗೇ. ಆಮೇಲೆ ಫಿಲ್ಟರ್ ಕಾಫಿ, ಗಟ್ಟಿಯಾಗಿ.

ಹೊರಗೆ ಹೋಗದ ವಾರ ಮನೆಯಲ್ಲೇ ಮಾಡುತ್ತೇವೆ. ರವೆಯನ್ನು ತುಪ್ಪದಲ್ಲಿ ಘಮ ಬರುವಷ್ಟು ಹುರಿದು, ಆರಿಸಿ, ಹುಳಿ ಮೊಸರಲ್ಲಿ ಕಲಸಿಡಬೇಕು. ಸೋಡಾ ಕೊನೆಗೆ ಹಾಕಿ ತಕ್ಷಣ ಬೇಯಿಸಬೇಕು, ತಡ ಮಾಡಿದರೆ ಉಬ್ಬಲ್ಲ. ಸಾಗು ಮಾತ್ರ ನಮ್ಮ ಅಮ್ಮ ಮಾಡಿದ್ದೇ ನನಗೆ ಹೆಚ್ಚು ರುಚಿ. ಮನೆ ಸಾಗು ಅಂದ್ರೆ ಹಾಗೇ ಅಲ್ವಾ?