ನಾಟಾ ಡ್ರಾಯಿಂಗ್‌ಗೆ ಯಾವ ಬಣ್ಣ? ಕಲರ್ ಪೆನ್ಸಿಲ್, ಆಯಿಲ್ ಪೇಸ್ಟಲ್, ಕ್ರೇಯಾನ್: ಒಂದು ಹೋಲಿಕೆ

ಆರ್ಕಿಟೆಕ್ಟ್ ಆಗಲು ನಮ್ಮ ದೇಶದಲ್ಲಿ ಪದವಿಯ ನಂತರ ಬೇರೆ ಲೈಸೆನ್ಸ್ ಪರೀಕ್ಷೆ ಇಲ್ಲ. ಮಾನ್ಯತೆ ಇರುವ ಕಾಲೇಜಿನಲ್ಲಿ ಐದು ವರ್ಷದ ಬಿ.ಆರ್ಕ್ ಮುಗಿಸಿ, 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿಕೊಂಡರೆ ಆ ಬಿರುದು ನಿಮ್ಮದು. ಜರಡಿ ಹಿಡಿಯುವುದು ಒಳಗೆ ಹೋಗುವ ಬಾಗಿಲಲ್ಲೇ. ಕರ್ನಾಟಕದ ಕಾಲೇಜುಗಳಿಗೆ ನಾಟಾ (ಆರ್ಕಿಟೆಕ್ಚರ್ ಸೇರಲು ಬರೆಯುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ) ಅಂಕದ ಜೊತೆ ಪಿಯುಸಿ ಅಂಕ ಸೇರಿಸಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅಂದರೆ ಕೆಇಎ ರ‍್ಯಾಂಕ್ ಕೊಡುತ್ತದೆ. ಎನ್‌ಐಟಿ, ಎಸ್‌ಪಿಎಗಳಿಗೆ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಬಿ.ಆರ್ಕ್‌ಗೆಂದೇ ಇರುವ ಜೆಇಇ ಮೇನ್ ಪೇಪರ್ 2ಎ ಬೇಕು.

ಹಾಸನ, ಚಿಕ್ಕಮಗಳೂರಿನ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವವರು ಸಿಗುತ್ತಾರೆ. ಡ್ರಾಯಿಂಗ್ ಭಾಗದಲ್ಲಿ ಕೈ ಹಿಡಿದು ನಡೆಸುವವರು ಕಡಿಮೆ. ಅಂಕ ನೋಡಿದರೆ ಆ ಭಾಗ ಚಿಕ್ಕದೇನಲ್ಲ. ನಾಟಾದ ಈಗಿನ ಮಾದರಿಯಲ್ಲಿ 200ಕ್ಕೆ 80 ಅಂಕ ಕೈಯಲ್ಲಿ ಮಾಡುವ ಪಾರ್ಟ್ ಎಗೆ. 90 ನಿಮಿಷ, ಮೂರು ಪ್ರಶ್ನೆ: ಬಣ್ಣದ ಕಾಂಪೊಸಿಷನ್ 25, ಕಪ್ಪು ಬಿಳುಪಿನ ಸ್ಕೆಚ್ 25, ಕೊಟ್ಟ ಕಿಟ್‌ನಿಂದ ಮಾಡುವ ತ್ರೀಡಿ ಮಾದರಿ 30. ಜೆಇಇ ಪೇಪರ್ 2ಎಯಲ್ಲಿ 400ಕ್ಕೆ 100 ಅಂಕ ಎರಡು ಡ್ರಾಯಿಂಗ್ ಪ್ರಶ್ನೆಗಳಿಗೆ. ಜೆಇಇಯಲ್ಲಿ ವಾಟರ್ ಕಲರ್ ಬಳಸುವಂತಿಲ್ಲ. ಹಾಗಾಗಿ ಎರಡಕ್ಕೂ ಒಗ್ಗುವ ಒಣ ಬಣ್ಣದಲ್ಲೇ ಅಭ್ಯಾಸ ಮಾಡುವುದು ಜಾಣತನ.

ಒಣ ಬಣ್ಣದಲ್ಲಿ ಯಾವುದು? ಇದನ್ನು ತಿಳಿಯಲು ಎರಡು ಪ್ರಶ್ನೆ ಇಟ್ಟುಕೊಂಡು, ಎ4 ಕಾರ್ಟ್ರಿಡ್ಜ್ (ಡ್ರಾಯಿಂಗಿಗೆ ಬಳಸುವ ದಪ್ಪ) ಹಾಳೆಯ ಮೇಲೆ, ಗಡಿಯಾರ ಎದುರಿಗಿಟ್ಟು ಮೂರನ್ನೂ ಪರೀಕ್ಷಿಸಿದೆವು. ಮೊದಲನೆಯದು ಸಕಲೇಶಪುರದ ಮಂಜರಾಬಾದ್ ಕೋಟೆ: ಮೇಲಿನಿಂದ ಕಾಣುವ ಎಂಟು ಮೂಲೆಯ ನಕ್ಷತ್ರವನ್ನು ದೊಡ್ಡದು, ಚಿಕ್ಕದು ಮಾಡಿ, ಒಂದರ ಮೇಲೊಂದು ಬರುವಂತೆ ನಾಲ್ಕೇ ಬಣ್ಣದಲ್ಲಿ ಒಂದು ವಿನ್ಯಾಸ. ಎರಡನೆಯದು ಚಿಕ್ಕಮಗಳೂರು ಕಡೆಯ ಕಾಫಿ ಕಣ: ಸಂಜೆ ಬಿಸಿಲು, ಒಣಹಾಕಿದ ಹಣ್ಣು, ಪಕ್ಕದಲ್ಲಿ ಹಂಚಿನ ಮನೆ, ಹಿಂದೆ ಸಿಲ್ವರ್ ಓಕ್ ಸಾಲು. ಒಂದಕ್ಕೆ ಚೂಪಾದ ಅಂಚು ಬೇಕು, ಇನ್ನೊಂದಕ್ಕೆ ಬೆಳಕು ನೆರಳು.

ಆಯಿಲ್ ಪೇಸ್ಟಲ್

ವೇಗದಲ್ಲಿ ಇದನ್ನು ಮೀರಿಸುವುದು ಬೇರೊಂದಿಲ್ಲ. ಕಾಗದ ಸುಲಿದು ಕಡ್ಡಿಯನ್ನು ಅಡ್ಡ ಹಿಡಿದು ಎಳೆದರೆ ಅಂಗೈಯಷ್ಟು ಜಾಗ ಅರ್ಧ ನಿಮಿಷದಲ್ಲಿ ತುಂಬುತ್ತದೆ. ಕಾಫಿ ಕಣದ ಚಿತ್ರಕ್ಕೆ ಹೇಳಿ ಮಾಡಿಸಿದ್ದು. ಕೆಂಪಿನ ಮೇಲೆ ಕಂದು, ಅದರ ಮೇಲೆ ಅಲ್ಲಲ್ಲಿ ಕಿತ್ತಳೆ ಒತ್ತಿ ಬೆರಳಿನಿಂದ ಒಂದೇ ದಿಕ್ಕಿಗೆ ಉಜ್ಜಿದರೆ ಒಣಹಾಕಿದ ಹಣ್ಣಿನ ರಾಶಿ ಎದ್ದು ಬರುತ್ತದೆ. ಮೂರು ಮೀಟರ್ ದೂರದಿಂದ ನೋಡಿದರೂ ಬಣ್ಣ ಹೊಡೆದು ಕಾಣುತ್ತದೆ.

ನಕ್ಷತ್ರದ ಚಿತ್ರದಲ್ಲಿ ಇದು ಕೈಕೊಡುತ್ತದೆ. ಕಡ್ಡಿಯ ದಪ್ಪ ಸುಮಾರು 8 ರಿಂದ 10 ಮಿ.ಮೀ. ಎಷ್ಟೇ ಹುಷಾರಾಗಿ ಅಂಚು ತಿರುಗಿಸಿ ಹಿಡಿದರೂ 3 ಮಿ.ಮೀ.ಗಿಂತ ಸಣ್ಣ ಗೆರೆ ಬರುವುದಿಲ್ಲ. ಎರಡು ತೋಳು ಸೇರುವ ಒಳಮೂಲೆಯಲ್ಲಿ ಬಣ್ಣ ತುಂಬಿಕೊಂಡು ಎಂಟು ಮೂಲೆಯ ನಕ್ಷತ್ರ ದಾಸವಾಳದ ಹೂವಿನಂತಾಗುತ್ತದೆ. ಬೆಲೆ ಕಡಿಮೆ ಇರುವ ಪೆಟ್ಟಿಗೆಯ ಕಡ್ಡಿಯಿಂದ ಪುಡಿ ಉದುರುತ್ತದೆ. ಅದನ್ನು ಕೈಯಿಂದ ಒರೆಸಿದರೆ ಹಳದಿಯ ಮೇಲೆ ನೀಲಿ ಗೀರು ಬಿದ್ದೇ ಬಿಡುತ್ತದೆ. ಹಾಳೆ ಎತ್ತಿ ಹಿಂದಿನಿಂದ ತಟ್ಟಬೇಕು, ಒರೆಸಬಾರದು.

ಇನ್ನೊಂದು ತೊಂದರೆ ಪರೀಕ್ಷೆ ಮುಗಿದ ಮೇಲೆ ಶುರುವಾಗುತ್ತದೆ. ಆಯಿಲ್ ಪೇಸ್ಟಲ್ ಪೂರ್ತಿ ಒಣಗುವುದಿಲ್ಲ. ಹಾಳೆಯ ಮೇಲೆ ಹಾಳೆ ಬಿದ್ದು ಒತ್ತಿದರೆ ಬಣ್ಣ ಎದುರು ಪುಟಕ್ಕೆ ಅಂಟುತ್ತದೆ. ಎದುರಿಗಿರುವುದು ನಿಮ್ಮ ಪೆನ್ಸಿಲ್ ಸ್ಕೆಚ್ ಆಗಿದ್ದರೆ ಎರಡು ಪ್ರಶ್ನೆಗೂ ಪೆಟ್ಟು. ದಪ್ಪವಾಗಿ ಹಚ್ಚಿದವರಿಗೆ ಈ ಅಪಾಯ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಅರಸೀಕೆರೆ ಕಡೆಯಿಂದ ಬಸ್ಸಿನ ಕಿಟಕಿ ಬಿಸಿಲಿಗೆ ಬ್ಯಾಗ್ ಇಟ್ಟು ಹೋದರೆ ಕಡ್ಡಿಗಳು ಮೆತ್ತಗಾಗಿ ಒಂದಕ್ಕೊಂದು ಮೆತ್ತಿಕೊಂಡಿರುತ್ತವೆ ಎಂಬುದನ್ನೂ ನೆನಪಿಡಿ.

ಕಲರ್ ಪೆನ್ಸಿಲ್

ನಕ್ಷತ್ರದ ಪ್ರಶ್ನೆಯಲ್ಲಿ ಇದಕ್ಕೆ ಸಮ ಇಲ್ಲ. ಮೊನೆ ಚೂಪಾಗಿದ್ದರೆ ಅಂಚು ಬ್ಲೇಡಿನಲ್ಲಿ ಕೊಯ್ದಂತೆ ನಿಲ್ಲುತ್ತದೆ. ಹಗುರವಾಗಿ ಹಚ್ಚಿದ್ದನ್ನು ರಬ್ಬರಿನಿಂದ ಮುಕ್ಕಾಲು ಪಾಲು ತೆಗೆಯಲೂಬಹುದು. ಪೇಸ್ಟಲ್, ಕ್ರೇಯಾನ್ ಎರಡರಲ್ಲೂ ಆ ಅನುಕೂಲವಿಲ್ಲ.

ಕಷ್ಟ ಸಮಯದ್ದು. ಅರ್ಧ ಎ4 ಜಾಗವನ್ನು ಬಿಳಿ ಚುಕ್ಕೆ ಕಾಣದಂತೆ ತುಂಬಲು ಆರೇಳು ನಿಮಿಷ ಬೇಕು. ಆತುರಕ್ಕೆ ಮೊದಲ ಸುತ್ತಿನಲ್ಲೇ ಒತ್ತಿ ಹಚ್ಚುವುದು ಎಲ್ಲರೂ ಮಾಡುವ ತಪ್ಪು. ಪೆನ್ಸಿಲಿನಲ್ಲಿರುವ ಮೇಣ ಹಾಳೆಯ ತರಿಯನ್ನು ಮುಚ್ಚಿ ಮೇಲ್ಮೈ ಹೊಳೆಯಲು ಶುರುವಾಗುತ್ತದೆ. ಆಮೇಲೆ ಅದರ ಮೇಲೆ ಎರಡನೇ ಬಣ್ಣ ಹಿಡಿಯುವುದಿಲ್ಲ, ಜಾರುತ್ತದೆ. ನೆರಳು ಹಾಕಲು ಹೋದಾಗಲೇ ಇದು ಗೊತ್ತಾಗುವುದು, ಅಷ್ಟರಲ್ಲಿ ತಡವಾಗಿರುತ್ತದೆ. ಸರಿಯಾದ ಕ್ರಮ ಹೀಗೆ: ಮೊನೆಯನ್ನು ಮಲಗಿಸಿ ಹಿಡಿದು ಹಗುರವಾಗಿ ಒಂದು ಸುತ್ತು, ಅಡ್ಡ ದಿಕ್ಕಿಗೆ ಇನ್ನೊಂದು ಸುತ್ತು, ಮೂರನೆಯದರಲ್ಲಿ ಮಾತ್ರ ಒತ್ತು.

ನೆರಳಿಗೆ ಕಪ್ಪು ಪೆನ್ಸಿಲ್ ಎತ್ತಿಕೊಳ್ಳಬೇಡಿ. ಕಂದಿನ ಮೇಲೆ ಕಡು ನೀಲಿ ಹಚ್ಚಿ ನೋಡಿ. ಹಂಚಿನ ಮಾಡಿನ ಕೆಳಗಿನ ಕತ್ತಲು ಸಂಜೆಯ ಕತ್ತಲಾಗಿಯೇ ಕಾಣುತ್ತದೆ. ಬರಿ ಕಪ್ಪು ಹಚ್ಚಿದರೆ ಅಲ್ಲಿ ತೂತು ಬಿದ್ದಂತಿರುತ್ತದೆ. 24 ಬಣ್ಣದ ಪೆಟ್ಟಿಗೆ ಸಾಕು. 48ರ ಪೆಟ್ಟಿಗೆಯಲ್ಲಿ ಸರಿಯಾದ ಹಸಿರು ಹುಡುಕುವುದರಲ್ಲೇ ನಿಮಿಷಗಳು ಹೋಗುತ್ತವೆ.

ವ್ಯಾಕ್ಸ್ ಕ್ರೇಯಾನ್

ಇದನ್ನು ಬಿಡಿ. ಬಣ್ಣ ಮಂಕು, ಒಂದರ ಮೇಲೊಂದು ಕೂರುವುದಿಲ್ಲ, ಅಂಚೂ ಚೂಪಿಲ್ಲ. ಪೇಸ್ಟಲ್‌ನ ಕಡುಬಣ್ಣವೂ ಇಲ್ಲ, ಪೆನ್ಸಿಲ್‌ನ ಹಿಡಿತವೂ ಇಲ್ಲ. ಸ್ಕೆಚ್ ಪೆನ್ನಿನಲ್ಲಿ ದೊಡ್ಡ ಜಾಗ ತುಂಬಿದರೂ ಗೆರೆ ಗೆರೆಯಾಗಿ ಉಳಿಯುತ್ತದೆ.

ಎರಡನ್ನೂ ಸೇರಿಸಿದರೆ

ನಮ್ಮ ತೀರ್ಮಾನ: ಮುಖ್ಯ ಆಯುಧ ಕಲರ್ ಪೆನ್ಸಿಲ್, ಜೊತೆಗೆ ಆಯಿಲ್ ಪೇಸ್ಟಲ್‌ನ ನಾಲ್ಕೈದು ಕಡ್ಡಿ. ಪೆಟ್ಟಿಗೆ ಪೂರ್ತಿ ಬೇಡ. ತಿಳಿ ನೀಲಿ, ಹಳದಿ ಮಣ್ಣಿನ ಬಣ್ಣ, ಹಸಿರು, ಬಿಳಿ ಇಷ್ಟು ಸಾಕು.

ಇದರಲ್ಲಿ ತಪ್ಪಬಾರದ ಒಂದು ನಿಯಮ ಇದೆ. ಪೇಸ್ಟಲ್ ಮೇಲೆ ಪೆನ್ಸಿಲ್ ಓಡುವುದಿಲ್ಲ. ಮೊನೆ ಬಣ್ಣ ಬಿಡುವ ಬದಲು ಎಣ್ಣೆ ಮೇಣವನ್ನು ಕೆರೆದು ಚರಂಡಿ ಮಾಡುತ್ತದೆ, ಮೊನೆಗೂ ಅಂಟಿಕೊಳ್ಳುತ್ತದೆ. ಪೆನ್ಸಿಲ್ ಕೆಲಸ ಮೊದಲು ಮುಗಿಸಬೇಕು. ಆಕಾಶ, ನೆಲದಂಥ ದೊಡ್ಡ ಜಾಗಕ್ಕೆ ಪೇಸ್ಟಲ್ ಕೊನೆಗೆ, ಅದೂ ಅಂಚಿಗೆ 4–5 ಮಿ.ಮೀ. ಬಿಟ್ಟು. ಆ ಸಣ್ಣ ಪಟ್ಟಿಯನ್ನು ಮೊದಲೇ ಅದೇ ಬಣ್ಣದ ಪೆನ್ಸಿಲಿನಿಂದ ತುಂಬಿಟ್ಟುಕೊಂಡರೆ ಎರಡೂ ಸೇರಿದ ಜಾಗ ಕಣ್ಣಿಗೆ ಕಾಣುವುದಿಲ್ಲ.

90 ನಿಮಿಷವನ್ನು ಅಂಕದ ಲೆಕ್ಕದಲ್ಲಿ ಹಂಚಿದರೆ ಬಣ್ಣದ ಪ್ರಶ್ನೆಗೆ 28 ನಿಮಿಷ ಸಿಗುತ್ತದೆ. ಅದರಲ್ಲಿ ಬೆಂಕಿಪೊಟ್ಟಣದ ಗಾತ್ರದ ಮೂರು ಕಚ್ಚಾ ಚಿತ್ರಕ್ಕೆ 4 ನಿಮಿಷ, ಔಟ್‌ಲೈನ್‌ಗೆ 5, ಪೆನ್ಸಿಲ್ ಬಣ್ಣಕ್ಕೆ 12, ನೆರಳಿನ ಕಡುಗಾಢಕ್ಕೆ 3. ಕೊನೆಯ 4 ನಿಮಿಷ ಪೇಸ್ಟಲ್‌ಗೆ. ಔಟ್‌ಲೈನ್ ಎಚ್‌ಬಿಯಲ್ಲಿ ಹಗುರವಾಗಿರಲಿ. ಮೆತ್ತನೆಯ ಕಡುಗಪ್ಪು 4ಬಿ, 6ಬಿ ಪೆನ್ಸಿಲ್ ಸ್ಕೆಚ್ ಪ್ರಶ್ನೆಗೆ ಮಾತ್ರ. ಅದರ ಸೀಸ ಹಳದಿಯೊಳಗೆ ಬೆರೆತರೆ ಕೊಳೆ ಹಸಿರಾಗುತ್ತದೆ. ಬಲಗೈಯವರು ಎಡ ಮೇಲ್ಮೂಲೆಯಿಂದ, ಎಡಗೈಯವರು ಬಲ ಮೇಲ್ಮೂಲೆಯಿಂದ ಶುರು ಮಾಡಿದರೆ ಅಂಗೈ ಹಚ್ಚಿದ ಬಣ್ಣದ ಮೇಲೆ ಬರುವುದಿಲ್ಲ.

ಮಲೆನಾಡಿನವರಿಗೆ ಎರಡು ಮಾತು

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಮಳೆಗಾಲದಲ್ಲಿ ಹಾಳೆ ತೇವ ಹೀರಿಕೊಳ್ಳುತ್ತದೆ. ತೇವದ ಹಾಳೆಯ ಮೇಲೆ ಪೆನ್ಸಿಲ್ ಬಣ್ಣ ಬಿಡುವ ಮೊದಲು ಗುಳಿ ಬೀಳಿಸುತ್ತದೆ, ರಬ್ಬರ್ ಹಾಕಿದರೆ ನಾರು ಎದ್ದು ಅಲ್ಲಿ ಮಾತ್ರ ಬಣ್ಣ ಕಪ್ಪಾಗಿ ಹಿಡಿಯುತ್ತದೆ. ತಪ್ಪು ಕೈಯದ್ದು ಎಂದುಕೊಂಡು ಮಕ್ಕಳು ಬೇಸರಪಡುತ್ತಾರೆ, ತಪ್ಪು ಹಾಳೆಯದ್ದು. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಡುಗೆಮನೆಯ ಒಲೆ ಕಾವು ತಗಲುವ ಅಟ್ಟದ ಮೇಲೆ, ಮೇಲೊಂದು ಭಾರ ಇಟ್ಟು ಇಡಿ. ಬೇಕಾದಾಗ ಒಂದೊಂದೇ ತೆಗೆಯಿರಿ.

ಇನ್ನು ಪೆನ್ಸಿಲ್ ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಹೊರಗೆ ಏನೂ ಆಗಿರುವುದಿಲ್ಲ, ಒಳಗಿನ ಕಡ್ಡಿ ಹಲವು ಕಡೆ ತುಂಡಾಗಿರುತ್ತದೆ. ಮೆಂಡರ್‌ಗೆ ಹಾಕಿದಾಗಲೆಲ್ಲ ಮೊನೆ ಉದುರುತ್ತಲೇ ಇರುತ್ತದೆ. ಅಭ್ಯಾಸದಲ್ಲಿ ಬಿದ್ದ ಪೆನ್ಸಿಲನ್ನು ಪರೀಕ್ಷೆಯ ಪೆಟ್ಟಿಗೆಗೆ ಸೇರಿಸಬೇಡಿ. ಬೇಗ ಸವೆಯುವ ಕಂದು, ಕಡು ನೀಲಿ ಎರಡೆರಡು ಇರಲಿ, ಎಲ್ಲವನ್ನೂ ಹಿಂದಿನ ರಾತ್ರಿಯೇ ಚೂಪು ಮಾಡಿ ಮೊನೆ ಮೇಲಾಗಿ ಡಬ್ಬಿಯಲ್ಲಿ ನಿಲ್ಲಿಸಿಡಿ.