ಮಿರ್ಜಾನ್ ಕೋಟೆಯ 'ರಣಭೂಮಿ ನಡಿಗೆ'ಗೆ ದುಡ್ಡು ಹಾಕುವ ಮೊದಲು ಇದನ್ನೊಮ್ಮೆ ಓದಿ

ಬರೆಯಲಿಕ್ಕೇ ನಾಚಿಕೆ ಆಗ್ತದೆ. ಆದರೂ ಬರೀತಿದ್ದೇನೆ, ಯಾಕಂದ್ರೆ ಅದೇ ಪೋಸ್ಟರ್ ನಿನ್ನೆ ಮತ್ತೆ ವಾಟ್ಸಾಪ್‌ನಲ್ಲಿ ಬಂತು.

ಬೆಂಗಳೂರಿಂದ ಭಾವ ಬಂದಿದ್ದ. ಅವನೆದುರು ನಮ್ಮ ಜಿಲ್ಲೆ ಏನು ಕಮ್ಮಿ ಅಂತ ತೋರಿಸುವ ಹುಮ್ಮಸ್ಸು ನನ್ನದೇ. ಮೂರು ತಾಸು ಕಾಲ್ನಡಿಗೆ, ಯುದ್ಧ ನಡೆದ ಜಾಗದಲ್ಲೇ ನಿಂತು ಕಥೆ, ತಿಂಡಿ ಸೇರಿ ತಲೆಗೆ 900. ನಾಲ್ಕು ಜನಕ್ಕೆ 3,600. ಅರ್ಧ ಮುಂಗಡ ಎಲ್ಲರೂ ಕೇಳ್ತಾರೆ, ಇವರು ಪೂರ್ತಿ ಕೇಳಿದರು. ಅಲ್ಲೇ ಎಚ್ಚರ ಆಗಬೇಕಿತ್ತು. ಆಗಲಿಲ್ಲ.

ಬೆಳಗಿನ ಜಾವ ಶಿರಸಿ ಬಿಟ್ಟು, ದೇವಿಮನೆ ಘಟ್ಟ ಇಳಿದು, ಎಂಟಕ್ಕೆ ಕೋಟೆ ಎದುರು ನಿಂತರೆ ಗೈಡ್ ಬಂದದ್ದು ಒಂಬತ್ತೂವರೆಗೆ. ತಿಂಡಿ ಅಂದ್ರೆ ಎರಡು ತಣ್ಣಗಿನ ಇಡ್ಲಿ. ಕೋಟೆಗೆ ಹೆಸರಿಡುವ ಹಾಗಿಲ್ಲ ಬಿಡಿ. ಆ ಚಿರೆಕಲ್ಲಿನ ಗೋಡೆ, ಕಂದಕ, ಬಾವಿ ನೋಡಲಿಕ್ಕೆ ಯಾವ ಗೈಡೂ ಬೇಡ. ಒಳಗೆ ಹೋಗುವಾಗ ನಮ್ಮನ್ನು ಯಾರೂ ಒಂದು ರೂಪಾಯಿ ಕೇಳಲಿಲ್ಲ.

ಮೂರು ತಾಸು ಹೋಗಿ ಮುಕ್ಕಾಲು ತಾಸಾಯ್ತು. 'ರಣಭೂಮಿ' ಅಂತ ಕರಕೊಂಡು ಹೋದದ್ದು ಯಾರದೋ ಕೊಯ್ಲಾದ ಗದ್ದೆಗೆ. ಆಚೆ ದಂಡೆಯಲ್ಲಿ ದನ ಕಟ್ತಿದ್ದವರು "ಬೇಲಿ ಮುರೀಬೇಡಿ" ಅಂತ ಕೂಗಿದರು. ಇವನು ಮಾತ್ರ ಕೈಯೆತ್ತಿ, "ಚೆನ್ನಭೈರಾದೇವಿ ಟಿಪ್ಪುವಿನ ಸೈನ್ಯವನ್ನು ತಡೆದದ್ದು ಇಲ್ಲೇ!"

ಒಂಬತ್ತನೇ ಕ್ಲಾಸಿನ ನನ್ನ ಮಗಳು ಕೇಳಿದಳು, "ರಾಣಿ 16ನೇ ಶತಮಾನದವಳಲ್ವಾ? ಟಿಪ್ಪು ಪಟ್ಟಕ್ಕೆ ಬಂದದ್ದೇ 1782ಕ್ಕೆ." ಅವನು ನಕ್ಕ. "ತಂಗೀ, ಪುಸ್ತಕದಲ್ಲಿ ಎಲ್ಲಾ ಬರೆಯೂದಿಲ್ಲ." ನಾನು ಅವಳನ್ನೇ ಗದರಿಸಿದೆ. ಹೌದು, ಅವಳನ್ನೇ. ಭಾವನೆದುರು ಮರ್ಯಾದೆ ಹೋಗ್ತದಲ್ಲ!

ಆಮೇಲೆ ಚೀಲದಿಂದ ಕೆಂಪು ಬಟ್ಟೆಯ ಗಂಟು ತೆಗೆದ. ಬಿಚ್ಚಿದರೆ ತುಕ್ಕು ಹಿಡಿದ ಕಬ್ಬಿಣದ ಗುಂಡು, ಮೇಲೆ ಹಸಿ ಮಣ್ಣು. "ಗದ್ದೆ ಉಳುವಾಗ ಸಿಕ್ಕಿದ್ದು, ತೋಪಿಂದು. ನಿಮ್ಮಂಥವರ ಮನೇಲಿದ್ರೆ ಉಳೀತದೆ." 3,000 ಕೊಟ್ಟೆ. ಚೌಕಾಶಿ ಕೂಡ ಮಾಡಲಿಲ್ಲ. ಇತಿಹಾಸಕ್ಕೆ ಚೌಕಾಶಿಯಾ ಅನ್ನಿಸಿತ್ತು ಆಗ!

ವಾರದ ಮೇಲೆ ಮನೆಗೆ ಬಂದ ಗೆಳೆಯ, ಹೈಸ್ಕೂಲಿನ ಪಿಟಿ ಮೇಷ್ಟ್ರು, ಅದನ್ನು ಕೈಯಲ್ಲಿ ಎತ್ತಿ ತೂಗಿದ. ಕುತ್ತಿಗೆ ಹತ್ತಿರ ಇಟ್ಟುಕೊಂಡ. ಉಗುರಲ್ಲಿ ತುಕ್ಕು ಕೆರೆದ. ಅಡಿಯಲ್ಲಿ '4' ಅಂತ ಅಚ್ಚು.

"ಮಾರಾಯಾ, ಇದು ಹೆಣ್ಣುಮಕ್ಕಳ ಗುಂಡು ಎಸೆತದ್ದು. ನಾಲ್ಕು ಕೆಜಿ."

ಮಗಳು ಒಳಗೆ ಹೋಗಿ ನಕ್ಕದ್ದು ಕೇಳಿಸ್ತು.

ಮೆಸೇಜ್ ಹಾಕಿದೆ. ಉತ್ತರ: "ಸರ್, ಗುಂಡು ಅಂದಿದ್ದೆವು, ಗುಂಡೇ ಕೊಟ್ಟಿದ್ದೇವೆ." ತೋಪಿಂದು ಅಂದಿರಲ್ಲ ಅಂದರೆ, "ಬರೆದು ಕೊಟ್ಟಿದ್ದೇವಾ?" ರಸೀದಿ ಕೇಳಿದರೆ, "ಇತಿಹಾಸ ಪ್ರೀತಿಸುವವರು ರಸೀದಿ ಕೇಳೂದಿಲ್ಲ." ಪೊಲೀಸರಿಗೆ ಹೇಳ್ತೇನೆ ಅಂದದ್ದಕ್ಕೆ, "ಹೇಳಿ ಸರ್, ಹಳೇ ತೋಪಿನ ಗುಂಡು ಅಂತ ತಿಳಿದೇ ಮನೆಗೆ ತಗೊಂಡು ಹೋದೆ ಅಂತಲೂ ಹೇಳಿ." ಆಮೇಲೆ ಬ್ಲಾಕ್.

ಅಲ್ಲೇ ನನ್ನ ಬಾಯಿ ಕಟ್ಟಿತು. ನೂರು ವರ್ಷ ದಾಟಿದ ಇಂಥ ವಸ್ತುವಿನ ವ್ಯಾಪಾರಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಪರವಾನಗಿ ಬೇಕು ಅಂತ ಆಮೇಲೆ ಓದಿದೆ. ಅಂದ್ರೆ ಗುಂಡು ಸುಳ್ಳಾದರೆ ನಾನು ಪೆದ್ದ, ನಿಜವಾಗಿದ್ದರೆ ಇನ್ನೂ ದೊಡ್ಡ ಪೇಚು. ಎರಡೂ ಅವನಿಗೆ ಗೊತ್ತಿತ್ತು!

ಕೋಟೆಗೆ ಹೋಗಿ, ಖಂಡಿತ ಹೋಗಿ, ನೀವೇ ನಡೆದು ನೋಡಿ. ಪೂರ್ತಿ ದುಡ್ಡು ಮೊದಲೇ ಕೇಳುವವರಿಗೆ ಹಾಕಬೇಡಿ. ಕೆಂಪು ಬಟ್ಟೆ ಗಂಟು ಹೊರಗೆ ಬಂತು ಅಂದ್ರೆ ಹೊರಟುಬಿಡಿ. ಮಕ್ಕಳು ಪ್ರಶ್ನೆ ಕೇಳಿದರೆ ಗದರಿಸಬೇಡಿ, ನನ್ನ ಹಾಗೆ.

ಇನ್ನೊಂದು. ಅವತ್ತು ಭಾವನೂ ಒಂದು ತಗೊಂಡಿದ್ದ. ಬೆಂಗಳೂರಿನ ಮನೆಯ ಶೋಕೇಸಿನಲ್ಲಿ ದೀಪ ಹಾಕಿ ಇಟ್ಟು ಫೋಟೋ ಕಳಿಸಿದ್ದಾನೆ. ಅವನಿಗೆ ಇನ್ನೂ ಹೇಳಿಲ್ಲ.